ಬೋರ್ ಕೊರೆಸುವ ಮುನ್ನ: ನೀರು ತೋರಿಸುವ ಕಡ್ಡಿ, ಕಾಯಿ, ಯಂತ್ರಗಳನ್ನು ಹೊಲದಲ್ಲೇ ಪರೀಕ್ಷಿಸುವ ಬಗೆ

ಕಡ್ಡಿ, ತೆಂಗಿನಕಾಯಿ ಅಥವಾ ಯಂತ್ರ ಹಿಡಿದು ನೀರು ನೋಡುವವರಿಂದ ಬೋರ್ ಪಾಯಿಂಟ್ (ಕೊರೆಸಬೇಕಾದ ಜಾಗ) ಮಾಡಿಸುವ ಮುನ್ನ ರೈತರು ಸಾಮಾನ್ಯವಾಗಿ ವಿಚಾರಿಸುವುದು ಒಂದೇ ಮಾತು: ‘ಇವರು ತೋರಿಸಿದ ಕಡೆ ನೀರು ಬಿದ್ದಿದೆಯಾ?’ ಬಿದ್ದಿರುತ್ತದೆ. ವಿಚಾರಿಸಬೇಕಾದ ಇನ್ನೊಂದು ಮಾತಿದೆ: ಅದೇ ಊರಲ್ಲಿ ಯಾರಿಗೂ ತೋರಿಸದೆ, ಕಣ್ಣಿಗೆ ಕಂಡ ಕಡೆ ಕೊರೆಸಿದ್ದರೆ ಎಷ್ಟು ಬೋರುಗಳಲ್ಲಿ ಬೀಳುತ್ತಿತ್ತು? ಊರಿನ ನೆಲವೇ ಹತ್ತಕ್ಕೆ ಆರು ಕಡೆ ನೀರು ಕೊಡುವಂಥದ್ದಾದರೆ, ಹತ್ತಕ್ಕೆ ಆರು ಸರಿ ತೋರಿಸಿದವರ ಕಡ್ಡಿಗೆ ಯಾವ ಗುಣವೂ ಇಲ್ಲ, ಗುಣ ನೆಲದ್ದು. ಈ ಎರಡನ್ನು ಬೇರ್ಪಡಿಸುವ ಪರೀಕ್ಷೆಗಳನ್ನು ಇಲ್ಲಿ ಕೊಟ್ಟಿದ್ದೇವೆ. ಬೇಕಾಗುವ ಸಾಮಾನು ಹೊಲದಲ್ಲೇ ಇರುವಂಥದ್ದು: ಪೈಪು, ವಾಲ್ವು, ಒಂದು ನಾಣ್ಯ, ನಂಬಿಕಸ್ತ ಇಬ್ಬರು, ಒಂದು ಮಧ್ಯಾಹ್ನ. ಸಾಲ ತಂದು ಸಾವಿರ ಅಡಿ ಕೊರೆಸುವವರಿಗೆ ಇದು ದೊಡ್ಡ ಖರ್ಚಲ್ಲ.

ಮೊದಲು ನೆಲದ ವಿಚಾರ

ಕರ್ನಾಟಕದ ಬಹುಭಾಗದ ನೆಲದಡಿ ಇರುವುದು ಗಟ್ಟಿ ಬಂಡೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಂಡ್ಯದ ಕಡೆ ನೈಸ್ ಮತ್ತು ಗ್ರಾನೈಟ್, ಚಿತ್ರದುರ್ಗ ಮತ್ತು ಗದಗದ ಪಟ್ಟಿಗಳಲ್ಲಿ ಶಿಸ್ಟ್, ಬೀದರ್, ಕಲಬುರಗಿ, ವಿಜಯಪುರದ ಕಡೆ ಬಸಾಲ್ಟ್. ಇಂಥ ಬಂಡೆಯ ಒಡಲಲ್ಲಿ ನೀರು ನಿಲ್ಲಲು ಜಾಗವಿಲ್ಲ. ಅದು ಎರಡೇ ಕಡೆ ಸಿಗುತ್ತದೆ. ಒಂದು, ಮೇಲ್ಭಾಗದಲ್ಲಿ ಶಿಥಿಲವಾಗಿ ಪುಡಿಯಾದ ಕಲ್ಲಿನ ಪದರ. ಇನ್ನೊಂದು, ಅದರ ಕೆಳಗಿನ ಬಿರುಕುಗಳು. ಮೇಲಿನ ಪದರ ಹಾಸಿದಂತೆ ಹರಡಿರುತ್ತದೆ, ಆದ್ದರಿಂದ ತಗ್ಗಿನ ಜಮೀನಿನಲ್ಲಿ ಹೆಚ್ಚುಕಡಿಮೆ ಎಲ್ಲಿ ಕೊರೆದರೂ ಒಂದಿಷ್ಟು ತೇವ ಕಾಣುತ್ತದೆ. ಆಳದ ಬಿರುಕು ಹಾಗಲ್ಲ. ಹತ್ತಡಿ ಆಚೆ ಕೊರೆದರೆ ತಪ್ಪಿಹೋಗಬಹುದು. ಪಕ್ಕದ ಹೊಲದಲ್ಲಿ ನೀರು ಉಕ್ಕಿ, ಬದುವಿನ ಈಚೆ ಧೂಳೇಳುವುದು ಇದೇ ಕಾರಣಕ್ಕೆ. ಮನುಷ್ಯನ ಮೈಯಲ್ಲಿ ರಕ್ತನಾಳ ಹರಿದಂತೆ ನೆಲದಡಿ ‘ನೀರಿನ ನರ’ ಹರಿಯುತ್ತದೆ ಎಂಬ ಚಿತ್ರ ಈ ಬಂಡೆಗಳಿಗೆ ಹೊಂದುವುದಿಲ್ಲ.

ನೀರು ನೋಡುವವರ ಹೆಸರು ಉಳಿಯುವುದು ಈ ನೆಲದ ದಯೆಯಿಂದ. ನೀರು ಬಿದ್ದರೆ ಪಾಯಿಂಟ್ ಸರಿ. ಬೀಳದಿದ್ದರೆ ‘ರಿಗ್ಗಿನವನು ಒಂದಡಿ ಪಕ್ಕಕ್ಕೆ ನಿಲ್ಲಿಸಿದ’, ‘ಇನ್ನೂ ನೂರಡಿ ಹೋಗಬೇಕಿತ್ತು’, ‘ಸೆಲೆ ಸರಿದುಬಿಟ್ಟಿದೆ’. ಹೀಗೆ ಎರಡು ಕಡೆಯಿಂದಲೂ ಗೆಲ್ಲುವ ಮಾತನ್ನು ಯಾರೂ ಸುಳ್ಳೆಂದು ತೋರಿಸಲಾಗದು. ಅದಕ್ಕೇ ಮೊದಲ ಕೆಲಸ ಕಾಗದದ್ದು. ಪಾಯಿಂಟ್ ಇಟ್ಟ ದಿನವೇ ನಾಲ್ಕು ವಿಷಯ ಬರೆಸಿಕೊಂಡು ಸಹಿ ಹಾಕಿಸಿ: ಮೊದಲ ನೀರು ಎಷ್ಟನೇ ಅಡಿಯಿಂದ ಎಷ್ಟನೇ ಅಡಿಯೊಳಗೆ, ಒಟ್ಟು ಎಷ್ಟು ಇಂಚು ನೀರು (ಇಂಚಿನ ಲೆಕ್ಕ ಕೊನೆಯಲ್ಲಿದೆ), ಎಷ್ಟು ಅಡಿಗೆ ಗಟ್ಟಿ ಕಲ್ಲು, ಎಷ್ಟು ಅಡಿಗೆ ಕೊರೆಯುವುದನ್ನು ನಿಲ್ಲಿಸಬೇಕು. ‘ಇನ್ನೂರರಿಂದ ಎಂಟುನೂರು ಅಡಿಯೊಳಗೆ’ ಎಂದು ಬರೆಸಿಕೊಂಡರೆ ಏನೂ ಬರೆಸಿಕೊಂಡಂತಲ್ಲ. ಅಂತರ ಐವತ್ತು ಅಡಿ ಮೀರಬಾರದು.

ಕಡ್ಡಿ ತಿರುಗುವುದು ಯಾಕೆ

ನೀರು ನೋಡುವವರಲ್ಲಿ ಬಹಳಷ್ಟು ಮಂದಿ ಮೋಸಗಾರರಲ್ಲ. ಕಡ್ಡಿ ತನ್ನಷ್ಟಕ್ಕೆ ತಿರುಗಿತೆಂದೇ ಅವರು ನಂಬುತ್ತಾರೆ, ಅವರ ಕೈಗೆ ಹಾಗೇ ಅನ್ನಿಸುತ್ತದೆ ಕೂಡ. ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರೂಲ್ 1833ರಲ್ಲಿ ದಾರಕ್ಕೆ ಕಟ್ಟಿದ ಲೋಲಕದ ಬಗ್ಗೆ ಬರೆದದ್ದು ಇದನ್ನೇ. ತನ್ನ ಕೈಯಲ್ಲಿ ತಾನಾಗಿಯೇ ತೂಗುತ್ತಿದ್ದ ಲೋಲಕ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾಗ ನಿಂತುಹೋಯಿತು. ಮನಸ್ಸು ನಿರೀಕ್ಷಿಸಿದ ಕಡೆಗೆ ಸ್ನಾಯು ತಿಳಿಯದಂತೆ ಮಿಡುಕುತ್ತದೆ. 1852ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ ಇದಕ್ಕೆ ಐಡಿಯೋಮೋಟರ್ ಎಂಬ ಹೆಸರು ಕೊಟ್ಟರು.

ಸಲಕರಣೆಗಳೆಲ್ಲ ಈ ಸಣ್ಣ ಮಿಡುಕನ್ನು ದೊಡ್ಡದು ಮಾಡುವಂಥವೇ. ಎಲ್ ಆಕಾರದ ತಾಮ್ರದ ಕಡ್ಡಿಯ ಗಿಡ್ಡ ತುದಿ ನೆಟ್ಟಗಿರುವವರೆಗೆ ಉದ್ದ ತುದಿಗೆ ದಿಕ್ಕಿನ ಒಲವಿಲ್ಲ. ಮಣಿಕಟ್ಟು ಒಂದೆರಡು ಡಿಗ್ರಿ ವಾಲಿದರೆ ಸಾಕು, ಅದು ತಗ್ಗಿನ ಕಡೆಗೆ ಹೊರಳುತ್ತದೆ. ಕವೆಕಡ್ಡಿಯ ಎರಡು ಕೊಂಬೆಗಳನ್ನು ಹೊರಕ್ಕೆ ಎಳೆದು ಹಿಡಿದಾಗ ಅದು ಬಿಗಿದ ಸ್ಪ್ರಿಂಗು. ಮುಷ್ಟಿ ಕೂದಲೆಳೆಯಷ್ಟು ತಿರುಗಿದರೂ ತುದಿ ರಪ್ಪನೆ ಕೆಳಗೆ ಬಾಗುತ್ತದೆ. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಲ್ಲಲು ಬೆರಳ ಬುಡ ಒಂದಿಷ್ಟು ಮೇಲೆದ್ದರೆ ಸಾಕು.

ಇದನ್ನು ನೀವೇ ನೋಡಬಹುದು. ಕಡ್ಡಿಯ ಗಿಡ್ಡ ತುದಿಯನ್ನು ಖಾಲಿ ಬಾಲ್‌ಪೆನ್ನಿನ ಕೊಳವೆಯೊಳಗೆ ಇಳಿಸಿ, ಆ ಕೊಳವೆಯನ್ನು ಮರದ ಹಲಗೆಗೆ ನೆಟ್ಟಗೆ ಬಿಗಿಯಿರಿ. ಹಲಗೆಯನ್ನು ಸ್ಟೂಲಿನ ಮೇಲಿಟ್ಟು ಗಾರೆಯವರ ರಸಮಟ್ಟದಿಂದ ಸಮ ಮಾಡಿ. ಸ್ಟೂಲನ್ನು ಹನಿ ನೀರಾವರಿಯ ಮೇನ್ ಪೈಪಿನ ನೇರ ಮೇಲಕ್ಕೆ ಇಟ್ಟು ವಾಲ್ವು ತೆರೆಯಿರಿ, ಮುಚ್ಚಿರಿ. ಗಾಳಿ ಬೀಸದಿದ್ದರೆ ಕಡ್ಡಿ ಅಲುಗುವುದಿಲ್ಲ. ‘ಅದಕ್ಕೆ ಮನುಷ್ಯನ ಮೈ ಬೇಕು, ನಮ್ಮ ರಕ್ತದ ಗುಂಪು ಬೇಕು’ ಎಂಬ ಉತ್ತರ ಬರುತ್ತದೆ. ಆಗಲಿ. ಹಾಗಾದರೆ ಕಡ್ಡಿಯನ್ನು ಬಿಟ್ಟು ಮನುಷ್ಯನನ್ನೇ ಪರೀಕ್ಷಿಸೋಣ.

ಪೈಪಿನ ಪರೀಕ್ಷೆ

ಇದು ಮುಖ್ಯವಾದದ್ದು. ಬಕೆಟ್ಟಿನಲ್ಲಿ ನೀರಿಟ್ಟು ಮುಚ್ಚಿ ‘ಎಲ್ಲಿದೆ ಹೇಳಿ’ ಎಂದರೆ ‘ನಮಗೆ ನಿಂತ ನೀರು ಸಿಗೋದಿಲ್ಲ, ನೆಲದೊಳಗೆ ಹರಿಯೋ ನೀರೇ ಬೇಕು’ ಎನ್ನುತ್ತಾರೆ. ಪರೀಕ್ಷೆ ಅವರ ಮಾತಿನ ಪ್ರಕಾರವೇ ಇರಬೇಕು. ಇಲ್ಲವಾದರೆ ಅದು ನ್ಯಾಯವೂ ಅಲ್ಲ, ಅದರಿಂದ ಏನೂ ತೀರ್ಮಾನವೂ ಆಗದು.

1. ಒಂದಿಂಚಿನ ಎಚ್‌ಡಿಪಿಇ ಪೈಪು 20 ಮೀಟರ್ ತೆಗೆದುಕೊಂಡು ಒಂದೂವರೆ ಅಡಿ ಆಳದ ಕಾಲುವೆಯಲ್ಲಿ ಹೂತು, ಮಣ್ಣು ಮುಚ್ಚಿ ಸಮ ಮಾಡಿ. ನಡುವೆ ಜಾಯಿಂಟ್ ಇರದಂತೆ ನೋಡಿಕೊಳ್ಳಿ. ಸೋರಿದರೆ ಮಣ್ಣು ನೆಂದು ಗುಟ್ಟು ಬಿಟ್ಟುಕೊಡುತ್ತದೆ. ಪೈಪು ಹೋದ ದಾರಿಗೆ ಸುಣ್ಣದ ಗೆರೆ ಎಳೆಯಿರಿ. ಪೈಪು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರಲಿ. ಪ್ರಶ್ನೆ, ಈಗ ಅದರಲ್ಲಿ ನೀರು ಹರಿಯುತ್ತಿದೆಯೇ ಇಲ್ಲವೇ ಎಂಬುದೊಂದೇ.

2. ವಾಲ್ವು ಪಂಪ್‌ಹೌಸಿನ ಹಿಂದೆ, ಕನಿಷ್ಠ ನೂರು ಅಡಿ ದೂರದಲ್ಲಿ, ಕಣ್ಣಿಗೆ ಕಾಣದಂತಿರಲಿ. ನೀರು ಹೊರಬೀಳುವ ತುದಿಯೂ ಕಾಣದ, ಕೇಳದ ಕಡೆ ಇರಲಿ. ವಾಲ್ವು ಮುಚ್ಚಿದಾಗ ನೀರು ಬೈಪಾಸ್ ಪೈಪಿನಲ್ಲಿ ತೊಟ್ಟಿಗೆ ಮರಳುವಂತೆ ಮಾಡಿ. ಮೋಟರ್ ಇಡೀ ಪರೀಕ್ಷೆಯುದ್ದಕ್ಕೂ ಒಂದೇ ಸದ್ದಿನಲ್ಲಿ ಓಡುತ್ತಿರಬೇಕು. ಇಂಥ ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ: ಲೋಡು ಬದಲಾದಾಗ ಮೋಟರಿನ ಸದ್ದು ಬದಲಾಗುತ್ತದೆ, ಹೊಲದಲ್ಲಿ ಬೆಳೆದವರ ಕಿವಿ ಅದನ್ನು ತಕ್ಷಣ ಹಿಡಿಯುತ್ತದೆ.

3. ಮೊದಲು ತೆರೆದ ಸುತ್ತು. ‘ಈಗ ನೀರು ಬಿಟ್ಟಿದ್ದೇವೆ’, ‘ಈಗ ನಿಲ್ಲಿಸಿದ್ದೇವೆ’ ಎಂದು ಹೇಳಿಯೇ ಐದು ಸಲ ನಡೆಸಿ. ನೀರು ಬಿಟ್ಟಾಗ ಕಡ್ಡಿ ತಿರುಗುತ್ತದೆ, ನಿಲ್ಲಿಸಿದಾಗ ಇಲ್ಲ ಎಂದು ಅವರೇ ಖಚಿತಪಡಿಸಬೇಕು. ‘ಇಲ್ಲಿ ನೆಲದಡಿ ಬೇರೆ ಸೆಲೆ ಇದೆ, ಅದು ಅಡ್ಡ ಬರುತ್ತಿದೆ’ ಎಂದರೆ ಅವರು ಹೇಳಿದ ಕಡೆ ಪೈಪು ಹೂಳಿ. ಮುಚ್ಚಿದಾಗ ಪೈಪಿನಲ್ಲಿ ಉಳಿಯುವ ನಿಂತ ನೀರು ತೊಡಕಾಗುತ್ತದೆಯೇ ಎಂಬುದನ್ನೂ ಈಗಲೇ ಕೇಳಿ. ಎಲ್ಲ ಸರಿಯಿದೆ, ಯಾವ ತೊಡಕೂ ಇಲ್ಲ ಎಂದು ಕಾಗದದ ಮೇಲೆ ಸಹಿ ಆಗಲಿ. ಈ ಸುತ್ತನ್ನು ಬಿಟ್ಟರೆ, ಸೋತ ಮೇಲೆ ನೂರು ನೆಪ ಹುಟ್ಟುತ್ತವೆ.

4. ಈಗ ಮುಚ್ಚಿದ ಸುತ್ತು. ವಾಲ್ವಿನ ಬಳಿ ಇರುವವರು ಪ್ರತಿ ಸಲ ನಾಣ್ಯ ಚಿಮ್ಮಬೇಕು. ರಾಜ ಬಿದ್ದರೆ ತೆರೆಯುವುದು, ರಾಣಿ ಬಿದ್ದರೆ ಮುಚ್ಚುವುದು. ಅದನ್ನು ಗಂಟೆಯ ಜೊತೆ ಬರೆದಿಟ್ಟು, ಎರಡು ನಿಮಿಷ ಬಿಟ್ಟು ಒಂದೇ ಬಗೆಯಲ್ಲಿ ಸೀಟಿ ಊದಬೇಕು. ನಾಣ್ಯ ಬಿಟ್ಟು ‘ಮನಸ್ಸಿಗೆ ಬಂದಂತೆ’ ಮಾಡಬೇಡಿ. ಮನುಷ್ಯ ಒಂದಾದ ಮೇಲೆ ಇನ್ನೊಂದೆಂದು ಬದಲಿಸುತ್ತ ಹೋಗುತ್ತಾನೆ, ಎದುರಿನವರು ಅದನ್ನು ಊಹಿಸಿಬಿಡುತ್ತಾರೆ.

5. ನೀರು ನೋಡುವವರ ಜೊತೆ ನಿಂತು ಉತ್ತರ ಬರೆದುಕೊಳ್ಳುವವರಿಗೂ ವಾಲ್ವಿನ ಸ್ಥಿತಿ ಗೊತ್ತಿರಕೂಡದು. ಗೊತ್ತಿದ್ದರೆ ಅವರ ಮುಖವೇ ಹೇಳಿಬಿಡುತ್ತದೆ. ಹೊಸ ಔಷಧಿಗಳ ಪರೀಕ್ಷೆಯಲ್ಲಿ ಯಾವ ರೋಗಿಗೆ ನಿಜವಾದ ಗುಳಿಗೆ, ಯಾರಿಗೆ ಸಪ್ಪೆ ಗುಳಿಗೆ ಎಂಬುದನ್ನು ವೈದ್ಯರಿಂದಲೂ ಮುಚ್ಚಿಡುವುದು ಇದೇ ಕಾರಣಕ್ಕೆ. ಇಬ್ಬರ ಫೋನೂ ಮೂರನೆಯವರ ಬಳಿ ಇರಲಿ.

6. ಇಪ್ಪತ್ತು ಸುತ್ತು ನಡೆಸಿ. ಸುತ್ತಿಗೆ ನಾಲ್ಕೈದು ನಿಮಿಷದಂತೆ ಒಂದೂವರೆ ಗಂಟೆ ಹಿಡಿಯುತ್ತದೆ. ಮುಗಿಯುವವರೆಗೆ ಯಾರಿಗೂ ಸರಿ ತಪ್ಪು ಹೇಳಬೇಡಿ. ಕೊನೆಗೆ ಎರಡೂ ಪಟ್ಟಿಗಳನ್ನು ಎಲ್ಲರ ಮುಂದೆ ಹೊಂದಿಸಿ ನೋಡಿ.

ಎಷ್ಟು ಸರಿಯಾದರೆ ಗೆದ್ದಂತೆ? ಅದನ್ನೂ ಮೊದಲೇ ಬರೆದಿಡಬೇಕು. ಸುಮ್ಮನೆ ಊಹಿಸಿದರೂ ಸರಾಸರಿ 10 ಸರಿಯಾಗುತ್ತದೆ. 12 ಅಥವಾ ಹೆಚ್ಚು ಸರಿಯಾಗುವ ಅದೃಷ್ಟ ನಾಲ್ವರಲ್ಲಿ ಒಬ್ಬರಿಗಿರುತ್ತದೆ. 15 ಅಥವಾ ಹೆಚ್ಚು ಎಂದರೆ ನೂರಕ್ಕೆ ಎರಡು, 16 ಅಥವಾ ಹೆಚ್ಚು ಎಂದರೆ ಸಾವಿರಕ್ಕೆ ಆರು. ಆದ್ದರಿಂದ 16ನ್ನು ಗೆರೆಯಾಗಿಟ್ಟುಕೊಳ್ಳಿ. ತೆರೆದ ಸುತ್ತಿನಲ್ಲಿ ಐದಕ್ಕೆ ಐದು ಸರಿ ಹೇಳಿದವರಿಗೆ ಇದು ಕಷ್ಟದ ಗೆರೆಯಲ್ಲ. ಹತ್ತೇ ಸುತ್ತು ನಡೆಸಿ ‘ಏಳು ಸರಿ ಬಂತು!’ ಎಂದು ಬೆರಗಾಗಬೇಡಿ, ನಾಣ್ಯ ಚಿಮ್ಮಿ ಉತ್ತರ ಹೇಳಿದರೂ ನೂರಕ್ಕೆ ಹದಿನೇಳು ಸಲ ಏಳು ಅಥವಾ ಹೆಚ್ಚು ಬರುತ್ತದೆ. ಹಲವು ಜನರನ್ನು ಪರೀಕ್ಷಿಸಿದರೆ ಅವರಲ್ಲೊಬ್ಬರಿಗೆ ಅದೃಷ್ಟ ಒಲಿಯುವುದು ಸಹಜ. ಆ ಒಬ್ಬರನ್ನು ಇನ್ನೊಂದು ದಿನ ಮತ್ತೆ ಇಪ್ಪತ್ತು ಸುತ್ತಿಗೆ ಕರೆಯಿರಿ.

ಈ ಕೊನೆಯ ಮಾತು ಜರ್ಮನಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಕಂಡುಬಂತು. 1987-88ರಲ್ಲಿ ಮ್ಯೂನಿಕ್ ಬಳಿಯ ಒಂದು ಕಣಜದಲ್ಲಿ ಕೆಳಗಿನ ಅಂತಸ್ತಿನ ಗಾಡಿಯ ಮೇಲೆ ನೀರಿನ ಪೈಪನ್ನು ಬೇಕಾದ ಕಡೆ ಸರಿಸುತ್ತ, ಮೇಲಿನ ಅಂತಸ್ತಿನಲ್ಲಿ ಅದು ಎಲ್ಲಿದೆಯೆಂದು ಹೇಳಿಸಿದರು. ಸುಮಾರು 500 ಜನರಿಂದ ಆರಿಸಿದ 43 ಮಂದಿ 843 ಸಲ ಪ್ರಯತ್ನಿಸಿದರು. ನಡೆಸಿದವರು ಕೆಲವರಿಗೆ ನಿಜವಾದ ಶಕ್ತಿಯಿದೆ ಎಂದು ಬರೆದರು. ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್ 1999ರಲ್ಲಿ ಅದೇ ಅಂಕಿಗಳನ್ನು ಬಿಡಿಸಿ ನೋಡಿದಾಗ, ಒಂದು ಸರಣಿಯಲ್ಲಿ ಚೆನ್ನಾಗಿ ಹೇಳಿದವರು ಇನ್ನೊಂದರಲ್ಲಿ ಎಲ್ಲರಂತೆಯೇ ತಪ್ಪಿದ್ದರು. ಜರ್ಮನಿಯದೇ ಕಾಸೆಲ್ ನಗರದಲ್ಲಿ ನಡೆದ ಇನ್ನೊಂದು ಪರೀಕ್ಷೆ ಮೇಲೆ ಹೇಳಿದ ಪೈಪಿನ ಪರೀಕ್ಷೆಯಂಥದ್ದೇ. ಅರ್ಧ ಮೀಟರ್ ಆಳದಲ್ಲಿ ಪೈಪು, ನೀರು ಬಿಡುವುದು, ನಿಲ್ಲಿಸುವುದು, 30 ಮಂದಿ. ಊಹೆಗಿಂತ ಮೇಲೆ ಹೋಗಲಿಲ್ಲ. ಪರೀಕ್ಷೆಗೆ ಮುನ್ನ ಅವರಿಗೆ ಗೆಲ್ಲುವ ಭರವಸೆ ಪೂರ್ತಿಯಿತ್ತು ಎಂಬುದನ್ನು ಗಮನಿಸಬೇಕು. ಭರವಸೆ ಬೇರೆ, ಬಲ್ಲತನ ಬೇರೆ.

ಗೂಟದ ಪರೀಕ್ಷೆ

ಪೈಪು ಹೂಳಲು ಆಗದಿದ್ದರೆ ಇದಾದರೂ ಮಾಡಿ. ಬೇರೆ ಬೇರೆ ದಿನ ಇಬ್ಬರನ್ನು ಕರೆಸಿ ಒಂದೇ ಎಕರೆಯಲ್ಲಿ ಮೂರು ಮೂರು ಪಾಯಿಂಟ್ ಇಡಿಸಿ. ಮೊದಲನೆಯವರು ಹೋದ ಕೂಡಲೇ ಬದುವಿನ ಎರಡು ಮೂಲೆಗಳಿಂದ ಟೇಪು ಹಿಡಿದು ದೂರ ಬರೆದುಕೊಳ್ಳಿ. ನಂತರ ಗೂಟ ಕಿತ್ತು, ಹೆಜ್ಜೆ ಗುರುತು, ಕುಂಕುಮ, ನಿಂಬೆಹಣ್ಣು ಏನೂ ಉಳಿಯದಂತೆ ಕುಂಟೆ ಹೊಡೆಯಿರಿ. ನೀರು ನೆಲದಲ್ಲೇ ಇದ್ದು ಕಡ್ಡಿ ಅದನ್ನೇ ತೋರಿಸುವುದಾದರೆ ಇಬ್ಬರ ಗೂಟಗಳೂ ಕೂಡಬೇಕು. ಎಕರೆಗೆ 43,560 ಚದರಡಿ. ಹತ್ತಡಿಯೊಳಗೆ ಬಂದರೆ ಕೂಡಿತು ಎಂದು ಲೆಕ್ಕ ಹಿಡಿದರೆ, ಆರು ಗೂಟಗಳಲ್ಲಿ ಒಂದು ಜೋಡಿಯಾದರೂ ಸುಮ್ಮನೆ ಕೂಡುವ ಸಾಧ್ಯತೆ ನೂರಕ್ಕೆ ಆರೋ ಏಳೋ. ಹಾಗಾಗಿ ಒಂದು ಜೋಡಿ ಕೂಡಿದರೂ ಗಮನಿಸತಕ್ಕದ್ದೇ. ಆದರೆ ಆ ಜಾಗದಲ್ಲಿ ಹುತ್ತ, ಹಸಿರಾದ ಅತ್ತಿಮರ, ತಗ್ಗು ಇದೆಯೇ ನೋಡಿ. ಕಣ್ಣಿಗೆ ಕಾಣುವ ಗುರುತನ್ನು ಇಬ್ಬರೂ ಹಿಡಿದಿರಬಹುದು. ಅನುಭವಿಗಳ ಕಣ್ಣಿಗೆ ಬೆಲೆಯಿದೆ, ಅದನ್ನು ಕಡ್ಡಿಯ ಲೆಕ್ಕಕ್ಕೆ ಬರೆಯಬಾರದು ಅಷ್ಟೇ.

ಯಂತ್ರ ಹಿಡಿದು ಬಂದವರು

ಇಲ್ಲಿ ಇನ್ನೂ ಎಚ್ಚರ ಬೇಕು, ಯಾಕೆಂದರೆ ಪರದೆ, ಬಣ್ಣದ ನಕ್ಷೆ, ಪ್ರಿಂಟು ಕಂಡಾಗ ಓದಿದವರೂ ತಲೆಬಾಗುತ್ತಾರೆ. ಹಿಡಿಯ ಮೇಲೆ ಆಂಟೆನಾ ಅತ್ತಿತ್ತ ತಿರುಗುವ ‘ಡಿಟೆಕ್ಟರ್’ ಎಂದರೆ ಎಲ್ ಕಡ್ಡಿಯೇ, ಪ್ಲಾಸ್ಟಿಕ್ ಹಿಡಿಯೊಂದಿಗೆ. ಎಡಿಇ 651 ಎಂಬ ಇಂಥದ್ದೇ ವಸ್ತುವನ್ನು ಬಾಂಬ್ ಪತ್ತೆಯ ಯಂತ್ರವೆಂದು ಇರಾಕಿಗೆ ಮಾರಲಾಯಿತು. ಅದರೊಳಗೆ ಕೆಲಸ ಮಾಡುವ ಭಾಗವೇ ಇರಲಿಲ್ಲ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯ ಮಾದರಿಯಲ್ಲಿ ಅದನ್ನು ಮಾಡಿದ್ದರು. ಬಾಗ್ದಾದಿನ ಚೆಕ್‌ಪೋಸ್ಟುಗಳಲ್ಲಿ ಸೈನಿಕರು ಅದನ್ನು ಹಿಡಿದು ನಿಂತಿದ್ದರು. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಲಂಡನ್ ನ್ಯಾಯಾಲಯ ಹತ್ತು ವರ್ಷ ಜೈಲು ವಿಧಿಸಿತು. ಇಂಥ ಆಂಟೆನಾ ಯಂತ್ರಕ್ಕೆ ಪೈಪಿನ ಪರೀಕ್ಷೆಯನ್ನೇ ಒಡ್ಡಿ.

ನಿಜವಾದ ಸರ್ವೆ ಯಂತ್ರ ಬೇರೆ. ಭೂವಿಜ್ಞಾನಿಗಳು ಬಳಸುವ ರೆಸಿಸ್ಟಿವಿಟಿ ಮೀಟರಿನಲ್ಲಿ ನಾಲ್ಕು ಕಬ್ಬಿಣದ ಗೂಟಗಳಿರುತ್ತವೆ. ಹೊರಗಿನ ಎರಡರಿಂದ ನೆಲಕ್ಕೆ ವಿದ್ಯುತ್ ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಗೂಟಗಳನ್ನು ದೂರ ದೂರ ಒಯ್ದಷ್ಟೂ ಆಳದ ಮಾಹಿತಿ ಬರುತ್ತದೆ. ಅಂದಾಜಿಗೆ, ಆ ಎರಡರ ನಡುವಿನ ಅಂತರದ ಕಾಲು ಭಾಗದಷ್ಟು ಆಳ ಎಂದಿಟ್ಟುಕೊಳ್ಳಿ. ನೂರು ಮೀಟರ್ ಆಳ ನೋಡಲು ಗೂಟಗಳ ನಡುವೆ 300-400 ಮೀಟರ್ ಕೇಬಲ್ ಎಳೆಯಬೇಕು. ಹತ್ತಡಿ ಅಂತರದಲ್ಲಿ ಎರಡು ಕಡ್ಡಿ ಚುಚ್ಚಿ ‘ಸಾವಿರ ಅಡಿ ಸ್ಕ್ಯಾನ್ ಆಯಿತು’ ಎನ್ನುವವರನ್ನು ಅಲ್ಲಿಗೇ ಕಳಿಸಿಕೊಡಬಹುದು.

ಈ ಮೀಟರು ಕೂಡ ನೀರನ್ನು ನೇರವಾಗಿ ಕಾಣುವುದಿಲ್ಲ, ಕಾಣುವುದು ವಿದ್ಯುತ್ ನಿರೋಧ. ಬಿರುಕಿಲ್ಲದ ಗ್ರಾನೈಟ್ ಸಾವಿರಾರು ಓಮ್-ಮೀಟರ್ ತೋರಿಸಿದರೆ ನೀರು ತುಂಬಿದ ಶಿಥಿಲ ಪದರ ಹತ್ತಾರರಿಂದ ನೂರರ ಆಸುಪಾಸು ತೋರಿಸುತ್ತದೆ. ಆದರೆ ಜೇಡಿಮಣ್ಣೂ ಕಡಿಮೆಯನ್ನೇ ತೋರಿಸುತ್ತದೆ, ಉಪ್ಪುನೀರೂ ಅಷ್ಟೇ. ಏಳೆಂಟು ನೂರು ಅಡಿ ಆಳದ ಕಿರು ಬಿರುಕನ್ನು ಮೇಲಿನಿಂದ ಹಿಡಿಯುವುದು ಇದರಿಂದ ಆಗದ ಕೆಲಸ. ಒಳ್ಳೆಯ ಭೂವಿಜ್ಞಾನಿ ಈ ಮಿತಿಯನ್ನು ತಾವೇ ಹೇಳುತ್ತಾರೆ, ಅವರನ್ನು ಗುರುತಿಸುವ ಲಕ್ಷಣಗಳಲ್ಲಿ ಇದೂ ಒಂದು. ಯಾರದೇ ಯಂತ್ರವಾಗಲಿ, ಮೂರು ಬೇಡಿಕೆ ಇಡಿ: ಬಣ್ಣದ ನಕ್ಷೆಯ ಜೊತೆ ಮೂಲ ರೀಡಿಂಗ್‌ಗಳನ್ನು ಕೊಡಬೇಕು, ಅದೇ ಗೆರೆಯನ್ನು ಅದೇ ದಿನ ಇನ್ನೊಂದು ತುದಿಯಿಂದ ಅಳೆಯಬೇಕು, ಎರಡು ನಕ್ಷೆಗಳೂ ಹೊಂದಬೇಕು. ತಿರುಗಿಸಿ ಅಳೆದಾಗ ‘ನೀರು’ ಜಾಗ ಬದಲಿಸಿದರೆ ಆ ನಕ್ಷೆಯಲ್ಲಿರುವುದು ನಿಮ್ಮ ನೆಲವಲ್ಲ.

ಹಾಗಾದರೆ ಪಾಯಿಂಟ್ ಇಡುವುದು ಹೇಗೆ

ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಮಾಹಿತಿ ನೆರೆಯವರ ಬಳಿ ಇದೆ. ಅರ್ಧ ಕಿಲೋಮೀಟರ್ ಸುತ್ತಲಿನ ಪ್ರತಿಯೊಂದು ಬೋರಿನ ಪಟ್ಟಿ ಮಾಡಿ. ಫೇಲಾದವನ್ನು ಮೊದಲು ಬರೆಯಿರಿ, ಯಾಕೆಂದರೆ ಅವನ್ನು ಜನ ಮರೆಯುತ್ತಾರೆ. ಕೊರೆಸಿದ ವರ್ಷ, ಒಟ್ಟು ಅಡಿ, ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಎಷ್ಟು ಅಡಿ ಇಳಿಯಿತು, ಮೊದಲ ನೀರು ಎಷ್ಟಕ್ಕೆ, ಆಗ ಎಷ್ಟು ಇಂಚು, ಈಗ ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ. ಕೇಸಿಂಗ್ ಆಳ ಸಡಿಲ ಪದರದ ದಪ್ಪವನ್ನು ಹೇಳುತ್ತದೆ. ಐನೂರು ಅಡಿ ಆಚೆಗೆ ಹೋದವರಲ್ಲಿ ಎಷ್ಟು ಮಂದಿಗೆ ಹೊಸ ನೀರು ಸಿಕ್ಕಿತು ಎಂಬುದನ್ನು ಇದರಿಂದಲೇ ಎಣಿಸಿ. ನಿಮ್ಮ ನಿಲುಗಡೆಯ ಆಳವನ್ನು ಆ ಎಣಿಕೆ ನಿರ್ಧರಿಸಲಿ.

ಆಮೇಲೆ ಜಮೀನು. ದಿಬ್ಬಕ್ಕಿಂತ ಹಳ್ಳದ ಬದಿ, ಬಂಡೆ ಹೊರಗೆ ಕಾಣುವ ಕಡೆಗಿಂತ ಮಣ್ಣು ದಪ್ಪವಿರುವ ಕಡೆ, ಕೆರೆಯ ಕೆಳಗಿನ ಅಚ್ಚುಕಟ್ಟು ಮೇಲು. ಇಷ್ಟರಲ್ಲಿ ಎರಡು ಮೂರು ಜಾಗ ಉಳಿಯುತ್ತವೆ, ಅವುಗಳ ನಡುವೆ ಆರಿಸಲು ರೆಸಿಸ್ಟಿವಿಟಿ ಸರ್ವೆ ಮಾಡಿಸಿ. ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ಭೂವಿಜ್ಞಾನಿಗಳಿರುತ್ತಾರೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಬೋರ್ ಕೊರೆಸಲು ಅನುಮತಿಯೂ ಬೇಕು. ಪಾಯಿಂಟ್ ಇಡುವವರಿಗೂ ರಿಗ್ ಏಜೆಂಟರಿಗೂ ಅಡಿ ಲೆಕ್ಕದ ಕಮಿಷನ್ ಇದ್ದರೆ ‘ಇನ್ನೂ ನೂರಡಿ’ ಎಂಬ ಸಲಹೆ ಎಲ್ಲಿಂದ ಬಂತೆಂದು ಯೋಚಿಸಿ.

ಕೊರೆಯುವಾಗ ಪ್ರತಿ ಹತ್ತಡಿಗೆ ಒಂದು ಹಿಡಿ ಪುಡಿಯನ್ನು ಗೋಣಿಚೀಲದ ಮೇಲೆ ಸಾಲಾಗಿಡಿ. ಕಂದು ಬಣ್ಣದ ತುಕ್ಕು ಹಿಡಿದ ಚೂರು ಬಂದರೆ ನೀರು ಓಡಾಡಿದ ಬಿರುಕಿನ ಲಕ್ಷಣ. ಸಾಲುಸಾಲಾಗಿ ಒಂದೇ ಬೂದುಬಣ್ಣದ ಸಣ್ಣ ಪುಡಿ ಬರುತ್ತಲೇ ಇದ್ದರೆ ನೀವು ಗಟ್ಟಿ ಬಂಡೆಯಲ್ಲಿದ್ದೀರಿ.

ಇಂಚಿನ ಲೆಕ್ಕದಲ್ಲಿ ಮೋಸ ಹೋಗುವುದು ಸುಲಭ. ಅದನ್ನು ಅಳೆಯುವುದು 90 ಡಿಗ್ರಿಯ ವಿ ಆಕಾರದ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರದಿಂದ. ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಒಂದೂವರೆ ಇಂಚಿಗೆ 1,400, ಎರಡಿಂಚಿಗೆ 2,900, ಮೂರಿಂಚಿಗೆ ಹತ್ತಿರ ಹತ್ತಿರ 8,000. ಎರಡಿಂಚು ಒಂದಿಂಚಿನ ಎರಡರಷ್ಟಲ್ಲ, ಐದೂವರೆಗೂ ಹೆಚ್ಚು ಪಟ್ಟು. ಹೀಗಾಗಿ ‘ಎರಡಿಂಚು ಹೇಳಿದ್ದೆ, ಒಂದೂವರೆ ಬಂತು, ಹತ್ತಿರವೇ ಬಂತಲ್ಲ’ ಎಂದರೆ ಒಪ್ಪಬೇಡಿ; ಅರ್ಧಕ್ಕೂ ಕಡಿಮೆ ಬಂದಿದೆ. ಎತ್ತರವನ್ನು ಕಚ್ಚಿನ ಅಂಚಿನಲ್ಲಿ ಅಳೆಯದೆ, ನೀರಿನ ಎತ್ತರದ ನಾಲ್ಕು ಪಟ್ಟು ಹಿಂದೆ, ನೀರು ಸಮವಾಗಿ ನಿಂತ ಕಡೆ ಅಳೆಯಿರಿ. ಕಂಪ್ರೆಸರ್ ಹೊಡೆದ ಮೊದಲ ಹತ್ತು ನಿಮಿಷದ ಉಕ್ಕು ಬೋರಿನಲ್ಲಿ ಕೂಡಿಕೊಂಡಿದ್ದ ನೀರು. ಅರ್ಧ ಗಂಟೆಯಾದ ಮೇಲೂ ನಿಲ್ಲುವ ಮಟ್ಟವನ್ನೇ ಬರೆದುಕೊಳ್ಳಿ, ಸಹಿ ಹಾಕಿಸಿದ ಕಾಗದದ ಪಕ್ಕದಲ್ಲಿಟ್ಟು ಹೋಲಿಸಿ, ಆ ಹಾಳೆಯನ್ನು ಊರಿನ ಇತರರಿಗೂ ತೋರಿಸಿ.

ನೀರು ಬೀಳದ ಬೋರನ್ನು ಅದೇ ದಿನ ಮುಚ್ಚಿ, ರಿಗ್ ಲಾರಿ ಹೊರಡುವ ಮುನ್ನ. ಕೇಸಿಂಗ್ ಕಿತ್ತುಕೊಂಡು ತೂತಿನ ಮೇಲೆ ಚಪ್ಪಡಿ ಎಳೆದರೆ ಸಾಲದು, ಮಕ್ಕಳು ಬೀಳುವುದು ಇಂಥಲ್ಲೇ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಂತೆ ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಕಲ್ಲು ಅಥವಾ ಕೊರೆದ ಪುಡಿಯಿಂದಲೇ ತುಂಬಬೇಕು. ಗೋಣಿಚೀಲದ ಮೇಲೆ ಸಾಲಾಗಿಟ್ಟ ಪುಡಿಯನ್ನು ಭೂವಿಜ್ಞಾನಿಗಳಿಗೆ ತೋರಿಸಲು ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಅಡಿ ಬರೆದು ಎತ್ತಿಡಿ, ಉಳಿದ ರಾಶಿಯನ್ನೆಲ್ಲ ತೂತಿಗೆ ಸುರಿಯಿರಿ.